ಚೆಂಡು ಪುಟಿಯದ ಹಲಗೆ

“ಸಿಕ್ಕಿದ ಜಾಗವನ್ನು ಉಳಿಸಿಕೊಳ್ಳೋದು ಹೇಗೆ, ಮೇಡಂ?”

ಕೇಳಿದವಳು ಗಾನವಿ, ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ನಿನ್ನಿಂದ ಆಗದು ಎಂದು ಮನೆಯವರೂ ಕೇರಿಯವರೂ ಹೇಳಿದ್ದನ್ನು ಕೇಳಿಸಿಕೊಂಡೇ ಬೆಳೆದವಳು. ಈ ವರ್ಷ ದೊಡ್ಡ ತಂಡವೊಂದು ಅವಳನ್ನು ತೆಗೆದುಕೊಂಡಿತ್ತು. ಹನ್ನೆರಡು ಜನರ ತಂಡದಲ್ಲಿ ಅವಳು ಹನ್ನೆರಡನೆಯವಳು. ಸುದ್ದಿ ಬಂದ ದಿನ ಕುಣಿದಿದ್ದಳು. ಮರುದಿನದಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ದೇವೀರಮ್ಮ ಅವಳಿಗೆ ಚೆಂಡು ಹಿಡಿಯಲು ಕಲಿಸಿದ ಗುರು. ಮಕ್ಕಳ ಅಭ್ಯಾಸ ಮುಗಿದಿತ್ತು. ಅವರು ಚೆಂಡುಗಳನ್ನು ಒಂದೊಂದಾಗಿ ಬಲೆಯ ಚೀಲಕ್ಕೆ ತುಂಬುತ್ತಿದ್ದರು.

“ಚೆನ್ನಾಗಿ ಆಡು ಅಂತ ಮಾತ್ರ ಹೇಳಬೇಡಿ,” ಎಂದಳು ಗಾನವಿ. “ಅದನ್ನ ಎಲ್ಲರೂ ಹೇಳ್ತಾರೆ.”

“ನಾನು ಹೇಳಲ್ಲ. ಕೂತ್ಕೋ ಮಗಾ,” ಎಂದರು ದೇವೀರಮ್ಮ. ಕೂತ ಮೇಲೆ ಈ ಕತೆ ಹೇಳಿದರು.

ಒಬ್ಬ ಆಟಗಾರ್ತಿ ಇದ್ದಳು. ಅವಳಿಂದ ಆಗುವುದಿಲ್ಲ ಎಂದು ಮೊದಲು ಹೇಳಿದವನು ಅವಳ ಸೋದರಮಾವ. “ಗಳದ ಹಾಗೆ ಬೆಳೆದಿದ್ದೀಯ, ಹುಣಸೆಹಣ್ಣು ಉದುರಿಸೋಕೆ ಆಗ್ತೀಯ ಬಿಡು” ಎಂದು ನಾಲ್ಕು ಜನರ ಎದುರು ನಕ್ಕ. ಆಮೇಲೆ ಹೇಳಿದವರು ಶಾಲೆಯ ಡ್ರಿಲ್ ಮಾಸ್ಟರು. ಅವರು ನಗಲಿಲ್ಲ. ಅವಳ ಬೆರಳುಗಳನ್ನು ನೋಡಿ, ಈ ಕೈಯಲ್ಲಿ ಚೆಂಡು ನಿಲ್ಲುವುದಿಲ್ಲ ಎಂದರು. ನಗದೆ ಹೇಳಿದ ಆ ಮಾತೇ ಅವಳಿಗೆ ಹೆಚ್ಚು ನಾಟಿತು.

ಸಕ್ಕರೆ ಕಾರ್ಖಾನೆಯ ಹಿಂದೆ ಒಂದು ಸಿಮೆಂಟಿನ ಅಂಗಳವಿತ್ತು. ಅಲ್ಲಿ ಬಲೆಯಿಲ್ಲದ ಒಂದು ರಿಂಗು. ಕಲಿಸುವವರು ಯಾರೂ ಇರಲಿಲ್ಲ. ತಪ್ಪು ಮಾಡಿದಳು, ಅದು ತಪ್ಪೆಂದು ತಾನೇ ಕಂಡುಕೊಂಡಳು, ತಾನೇ ತಿದ್ದಿಕೊಂಡಳು. ಹೀಗೆ ಕಲಿಯಲು ಒಂಬತ್ತು ವರ್ಷ ಹಿಡಿಯಿತು. ಹತ್ತನೆಯ ವರ್ಷ ನಗರದ ದೊಡ್ಡ ತಂಡದ ಕಣ್ಣಿಗೆ ಬಿದ್ದಳು.

ಆ ತಂಡದಲ್ಲಿ ಒಂದು ಪದ್ಧತಿ ಇತ್ತು. ಲೀಗ್ ಶುರುವಾಗುವ ಮೊದಲು ಹನ್ನೊಂದು ಹೆಸರುಗಳನ್ನು ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆಸುತ್ತಿದ್ದರು. ಹನ್ನೆರಡನೆಯ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಬೇರೊಂದು ಊರಿನಲ್ಲಿ ಅವರದೇ ತಯಾರಿಯ ತಂಡವೊಂದಿತ್ತು. ಅಲ್ಲಿ ಆಡುತ್ತಿದ್ದವರೆಲ್ಲ ಆ ಸೀಮೆಸುಣ್ಣದ ಸಾಲಿಗಾಗಿ ಕಾಯುತ್ತಿದ್ದವರು. ಮ್ಯಾನೇಜರ್ ತಿಂಗಳಿಗೊಬ್ಬಳನ್ನು ಅಲ್ಲಿಂದ ಕರೆಸುತ್ತಿದ್ದ. ಅವಳು ಮೂರು ದಿನ ಹನ್ನೆರಡನೆಯವಳ ಎದುರು ಆಡಬೇಕು. ಗೆದ್ದರೆ ಅವಳು ಉಳಿಯುತ್ತಾಳೆ, ಹಳಬಳು ನಾಲ್ಕನೆಯ ದಿನ ಬೆಳಗಿನ ಬಸ್ಸಿಗೆ ತಯಾರಿಯ ತಂಡಕ್ಕೆ ಹೊರಡುತ್ತಾಳೆ. ಸೋತರೆ ಅವಳೇ ಬಂದ ದಾರಿಗೆ ಹಿಂತಿರುಗುತ್ತಾಳೆ. ಇಬ್ಬರಲ್ಲಿ ಒಬ್ಬಳಂತೂ ಆ ಬಸ್ಸು ಹತ್ತಲೇಬೇಕು.

ನಮ್ಮ ಆಟಗಾರ್ತಿಯೂ ಮೊದಲು ಆ ತಯಾರಿಯ ತಂಡಕ್ಕೆ ಸೇರಿ, ಹಾಗೆಯೇ ಬಂದವಳು. ದೊಡ್ಡ ತಂಡ ಆಡುವ ಹಾಲ್‌ನಲ್ಲಿ ಮರದ ನೆಲ. ಮೊದಲ ದಿನ, ಎಡ ಮೂಲೆಯಲ್ಲಿ ಅವಳು ಬಡಿದ ಚೆಂಡು ಕೈಗೆ ಮರಳಲಿಲ್ಲ. ಮೊಣಕಾಲಿನವರೆಗೆ ಎದ್ದು ಉರುಳಿಹೋಯಿತು. ಇನ್ನೊಮ್ಮೆಯೂ ಹಾಗೇ ಆಯಿತು. ಡ್ರಿಲ್ ಮಾಸ್ಟರ ಮಾತು ನಿಜವಾಯಿತು ಎಂದು ಅವಳು ಕಂಗೆಟ್ಟಳು.

ಟ್ರಯಲ್ಸ್ ನಡೆಯುವ ಮೂರು ದಿನ ಉಳಿದ ಆಟಗಾರರಿಗೆ ಬಿಡುವು. ಆದರೆ ಅಂದು ತಂಡದ ನಾಯಕಿ ಮರೆತುಹೋದ ಬೂಟು ತೆಗೆದುಕೊಳ್ಳಲು ಬಂದಿದ್ದಳು. ಅವಳು ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: “ತಪ್ಪು ನಿಂದಲ್ಲ ಕಣೇ. ಅಲ್ಲಿ ಎರಡು ಹಲಗೆ ಕೆಳಗೆ ಟೊಳ್ಳು. ಅದರ ಮೇಲೆ ಚೆಂಡು ಬಡೀಬೇಡ, ದಾಟಿಸ್ಕೊಂಡು ಹೋಗು.”

ಅಷ್ಟೇ ಮಾತು. ಮರುದಿನ ಅವಳು ದಾಟಿಸಿಕೊಂಡು ಹೋದಳು. ಮೂರನೆಯ ದಿನ ಗೆದ್ದಳು. ಸೀಮೆಸುಣ್ಣದಲ್ಲಿ ಅವಳ ಹೆಸರು ಬಂತು.

ಹೆಸರು ಬಂದ ಗಳಿಗೆಯಿಂದ ಭಯವೂ ಬಂತು. ಸಿಮೆಂಟಿನ ಅಂಗಳದಲ್ಲಿ ಕಳೆದುಕೊಳ್ಳಲು ಏನೂ ಇರಲಿಲ್ಲ, ಅಲ್ಲಿ ಅವಳು ಯಾರಿಗೂ ಹೆದರಿದವಳಲ್ಲ. ಈಗ ಹಾಲ್ ಒರೆಸುವವಳು ಒದ್ದೆ ಬಟ್ಟೆ ಹಿಡಿದು ಬೋರ್ಡಿನ ಕಡೆ ನಡೆದರೂ ಆಟ ನಿಲ್ಲಿಸಿ ಅತ್ತಲೇ ನೋಡುತ್ತಿದ್ದಳು. ಮ್ಯಾನೇಜರ್ “ಸ್ವಲ್ಪ ಬಾರಮ್ಮ” ಎಂದರೆ, ಬ್ಯಾಗು ತೆಗೆದುಕೊಂಡು ಹೋಗಬೇಕೋ ಬೇಡವೋ ಎಂದು ತಡವರಿಸುತ್ತಿದ್ದಳು. ಅವನು ಕೇಳುತ್ತಿದ್ದದ್ದು ಬೂಟಿನ ಅಳತೆಯನ್ನೋ, ಊರಿನ ವಿಳಾಸವನ್ನೋ ಆಗಿರುತ್ತಿತ್ತು.

ಮೊದಲ ತಿಂಗಳು ಒಬ್ಬ ಹುಡುಗಿ ಬಂದಳು. ಎಡ ಮೂಲೆಯಲ್ಲಿ ಚೆಂಡು ಕಳೆದುಕೊಂಡಳು. ಆಟಗಾರ್ತಿಗೆ ಮಾತು ನಾಲಗೆಯ ತುದಿಗೆ ಬಂತು. ಅಲ್ಲಿಯೇ ನಿಂತಿತು. ಹುಡುಗಿ ಮತ್ತೆ ಕಳೆದುಕೊಂಡಳು, ಸೋತಳು, ಬಸ್ಸು ಹತ್ತಿದಳು. ನಾನೇನು ಅವಳನ್ನು ತಳ್ಳಿದೆನೇ ಎಂದು ಆಟಗಾರ್ತಿ ತನ್ನನ್ನೇ ಕೇಳಿಕೊಂಡಳು. ತಳ್ಳಿರಲಿಲ್ಲ. ಸುಮ್ಮನಿದ್ದಳು, ಅಷ್ಟೇ.

ಎರಡನೆಯ ತಿಂಗಳು ಬಂದವಳು ಬಲಗಡೆಯಿಂದಲೇ ನುಗ್ಗುವವಳು. ಎಡ ಮೂಲೆಗೆ ಹೋಗುತ್ತಲೇ ಇರಲಿಲ್ಲ. ಒಂದು ದಿನ ನೋಡಿ, ಎರಡನೆಯ ದಿನ ಆಟಗಾರ್ತಿ ಬಲಗಡೆಯ ದಾರಿಗೆ ಅಡ್ಡ ನಿಂತಳು. ಹುಡುಗಿ ಎಡಕ್ಕೆ ತಿರುಗಲೇಬೇಕಾಯಿತು. ಉಳಿದದ್ದನ್ನು ಹಲಗೆ ನೋಡಿಕೊಂಡಿತು.

“ನಿನ್ನ ಡಿಫೆನ್ಸ್ ಬಹಳ ಸುಧಾರಿಸಿದೆ ಕಣಮ್ಮ,” ಎಂದ ಮ್ಯಾನೇಜರ್.

ಅವಳಿಗೆ ಹೆಮ್ಮೆಯಾಯಿತು. ಹೆಮ್ಮೆಯಾಯಿತಲ್ಲ ಎಂದು ಆಮೇಲೆ ಹೆದರಿಕೆಯಾಯಿತು. ಆದರೆ ಮೂರನೆಯವಳು ಬರುವ ಹೊತ್ತಿಗೆ ಆ ಹೆದರಿಕೆ ಹೋಗಿತ್ತು. ಅದರ ಜಾಗದಲ್ಲಿ ಬೇರೊಂದು ಹೆದರಿಕೆ ಕೂತಿತ್ತು. ಯಾರಾದರೂ ಆ ಹಲಗೆಯನ್ನು ರಿಪೇರಿ ಮಾಡಿಬಿಟ್ಟರೆ?

ದಿನವೂ ಎಲ್ಲರಿಗಿಂತ ಮೊದಲು ಬಂದು ಎಡ ಮೂಲೆಯಲ್ಲಿ ಚೆಂಡು ಬಡಿದು ನೋಡತೊಡಗಿದಳು. ಚೆಂಡು ಏಳದಿದ್ದರೆ ಅವಳಿಗೆ ಉಸಿರು ಬರುತ್ತಿತ್ತು. ಲೋಕದಲ್ಲಿ ಚೆಂಡು ಬಡಿಯುವವರೆಲ್ಲ ಅದು ಏಳಲಿ ಎಂದೇ ಬಡಿಯುತ್ತಾರೆ. ಏಳದಿರಲಿ ಎಂದು ಬಡಿಯುತ್ತಿದ್ದವಳು ಅವಳೊಬ್ಬಳೇ.

ಒಂದು ಬೆಳಿಗ್ಗೆ ಬಡಗಿ ಬಂದ. “ಎಲ್ಲೋ ಹಲಗೆ ಸಡಿಲ ಆಗಿದೆಯಂತಲ್ಲವ್ವ, ಯಾವುದು ತೋರ್ಸಿ,” ಎಂದ.

“ಯಾರು ಹೇಳಿದ್ದು? ದಿನಾ ಇದರ ಮೇಲೇ ಬೀಳೋಳು ನಾನು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಲ್ಲಾ ಗಟ್ಟಿಯಾಗಿದೆ.”

“ಬಿದ್ದೋರೇ ಗಟ್ಟಿ ಅಂದ್ಮೇಲೆ ನನ್ನ ಸುತ್ತಿಗೆಗೇನು ಕೆಲಸ,” ಎಂದು ನಗುತ್ತ ಅವನು ಚೀಲ ಹೆಗಲಿಗೇರಿಸಿಕೊಂಡ. ಅವನು ಬಾಗಿಲು ದಾಟುವವರೆಗೂ ಅವಳು ಎಡ ಮೂಲೆಯ ಮೇಲೆಯೇ ನಿಂತಿದ್ದಳು.

ಹೀಗೆ ಮೂರು ವರ್ಷ ಕಳೆಯಿತು. ಬಸ್ಸು ಹತ್ತಿದವರ ಮುಖಗಳನ್ನು ಅವಳು ನೆನಪಿನಲ್ಲಿ ಇಟ್ಟುಕೊಳ್ಳಲಿಲ್ಲ. ಮೂರನೆಯ ವರ್ಷದ ಕೊನೆಯ ತಿಂಗಳು ಇನ್ನೊಬ್ಬ ಹುಡುಗಿ ಬಂದಳು. ಇವಳು ಬೂಟಿನ ದಾರ ಕಟ್ಟುತ್ತ ಕೇಳಿದಳು:

“ಅಕ್ಕಾ, ನಾನು ಸಿಮೆಂಟಲ್ಲೇ ಆಡಿ ಬಂದೋಳು. ಈ ಮರದ ನೆಲ ನನಗೆ ಹೊಸದು. ತಿಳ್ಕೋಬೇಕಾದ್ದು ಏನಾದ್ರೂ ಇದ್ರೆ ಹೇಳ್ತೀರಾ?”

ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳದಿದ್ದಾಗ ಸುಮ್ಮನಿದ್ದರೆ ಸಾಕಾಗಿತ್ತು. ಈಗ ಏನಾದರೂ ಹೇಳಲೇಬೇಕಿತ್ತು.

“ನೆಲ ಸರಿಯಾಗಿದೆ ಕಣೇ,” ಎಂದಳು. “ನೆಲ ನೋಡ್ಕೊಂಡು ಆಡ್ತಾರಾ ಯಾರಾದ್ರೂ? ರಿಂಗ್ ನೋಡು.”

ಹುಡುಗಿ ಅದನ್ನು ಪಾಠವೆಂದು ತೆಗೆದುಕೊಂಡು ತಲೆಯಾಡಿಸಿದಳು. ರಿಂಗನ್ನೇ ನೋಡಿದಳು. ಮೊದಲ ದಿನ ಎರಡು ಸಲ ಚೆಂಡು ಕಳೆದುಕೊಂಡಳು, ಎರಡನೆಯ ದಿನ ಐದು ಸಲ. ಮೂರನೆಯ ದಿನ ಬಲಗಡೆಯಲ್ಲೂ ಅವಳ ಕೈಯಲ್ಲಿ ಚೆಂಡು ನಿಲ್ಲಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಆಟಗಾರ್ತಿ ಎಡ ಮೂಲೆಯಲ್ಲಿ ಚೆಂಡು ಬಡಿಯುತ್ತಿದ್ದಾಗ ಬಾಗಿಲು ತೆರೆಯಿತು. ಹೆಗಲಿಗೆ ಬ್ಯಾಗು ಹಾಕಿಕೊಂಡು ಆ ಹುಡುಗಿ ನೇರ ಅವಳತ್ತ ಬಂದಳು. ಗೊತ್ತಾಗಿದೆ, ಜಗಳಕ್ಕೇ ಬಂದಿದ್ದಾಳೆ, ಇನ್ನು ಊರಿಗೆಲ್ಲ ಹೇಳುತ್ತಾಳೆ ಎಂದುಕೊಂಡಳು ಆಟಗಾರ್ತಿ.

“ಅಕ್ಕಾ, ಅಲ್ಲಿ ಬಡೀಬೇಡಿ,” ಎಂದಳು ಹುಡುಗಿ. “ಅಲ್ಲಿ ಎರಡು ಹಲಗೆ ಕೆಳಗೆ ಟೊಳ್ಳಾಗಿದೆ. ನನಗೆ ನಿನ್ನೆ ಆಟ ಮುಗಿದ ಮೇಲೆ ಗೊತ್ತಾಯ್ತು. ನಿಮಗೂ ಯಾರೂ ಹೇಳಿಲ್ಲ ಅನ್ಸುತ್ತೆ. ಜೋಪಾನ ಅಕ್ಕಾ, ಕಾಲು ಗೀಲು ಸಿಕ್ಕೊಂಡೀತು. ಆಫೀಸಲ್ಲೂ ಹೇಳಿದ್ದೀನಿ.”

ಆಟಗಾರ್ತಿ ಆ ದನಿಯಲ್ಲಿ ಕೊಂಕು ಹುಡುಕಿದಳು. ಇರಲಿಲ್ಲ. ಬೈದಿದ್ದರೆ ಅವಳೂ ಬೈದು ಹಗುರಾಗುತ್ತಿದ್ದಳು. ಹುಡುಗಿ ಬಸ್ಸಿಗೆ ಹೊತ್ತಾಯಿತೆಂದು ಓಡಿದಳು.

ಮರುದಿನವೇ ಬಡಗಿ ಬಂದು ಆ ಎರಡು ಹಲಗೆ ಕಿತ್ತು, ಕೆಳಗಿನ ಮರ ಬದಲಿಸಿ, ಹೊಸದನ್ನು ಕೂರಿಸಿ ಹೋದ.

ಅದರಾಚೆಯ ಬೆಳಿಗ್ಗೆ ಅವಳು ಚೆಂಡು ಬಡಿದಳು. ಚೆಂಡು ಎದ್ದು ಅಂಗೈಗೆ ಬಂತು. ಮತ್ತೆ ಬಡಿದಳು. ಮತ್ತೆ ಬಂತು. ಆಗ ಅವಳಿಗೆ ಒಂದು ಯೋಚನೆ ಹೊಳೆಯಿತು. ಇಲ್ಲಿ ಟೊಳ್ಳಿಲ್ಲ, ಹಾಗಾದರೆ ಇನ್ನೆಲ್ಲೋ ಇರಬೇಕು. ತನಗೆ ಮಾತ್ರ ಗೊತ್ತಿಲ್ಲ. ಉಳಿದವರಿಗೆಲ್ಲ ಗೊತ್ತಿದ್ದು ಸುಮ್ಮನಿದ್ದಾರೆ.

ಒಂದೊಂದೇ ಹಲಗೆಯನ್ನು ಬಡಿಯುತ್ತ ಹೋದಳು. ಅರ್ಧ ನೆಲ ಮುಗಿಯುವಷ್ಟರಲ್ಲಿ ಉಳಿದವರು ಬಂದರು.

“ಏನೇ ಅದು, ಚಿನ್ನ ಗಿನ್ನ ಹೂತಿಟ್ಟಿದ್ದೀಯಾ?” ಎಂದು ನಾಯಕಿ ನಕ್ಕಳು. “ಬಾ, ನೆಲ ಸರಿಯಾಗಿದೆ ಕಣೇ.”

ಅದು ಅವಳು ಆಡಿದ್ದ ಮಾತು. ಹಾಗೆ ಹೇಳುವಾಗ ದನಿಯನ್ನು ಹೇಗೆ ಹಗುರ ಮಾಡಬೇಕು, ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ನಾಯಕಿಯ ದನಿ ಹಗುರಾಗಿತ್ತು. ಮುಖ, ಅಂದು ತಾನು ಇಟ್ಟುಕೊಂಡಿದ್ದ ಹಾಗೆಯೇ ಇತ್ತು. ತನಗೆ ಒಂದು ಕಾಲದಲ್ಲಿ ನಿಜ ಹೇಳಿದವಳು ಇವಳೊಬ್ಬಳೇ ಎಂಬುದನ್ನು ಅವಳು ಮರೆತಿರಲಿಲ್ಲ. ಆದರೂ ನಂಬಲಾಗಲಿಲ್ಲ.

ಮುಂದಿನ ವರ್ಷ ಡಿಫೆನ್ಸ್ ಚೆನ್ನಾಗಿದೆ ಎಂದು ಅವಳ ಹೆಸರನ್ನು ಬಣ್ಣದಲ್ಲಿ ಬರೆಸಿದರು. ಇನ್ನು ಅಳಿಸುವವರಿರಲಿಲ್ಲ. ಬಸ್ಸಿಗೆ ಹೋಗುವ ಸರದಿ ಬೇರೆಯವರದಾಯಿತು. ಅವಳ ಭಯ ಮಾತ್ರ ಹೋಗಲಿಲ್ಲ. ಯಾವ ಊರಿನ ಹಾಲ್‌ಗೆ ಹೋದರೂ ಹೆಬ್ಬೆರಳಿನಿಂದ ನೆಲ ಒತ್ತಿ ನೋಡುತ್ತಿದ್ದಳು. ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಏನು ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು.

ಒಂದು ದೊಡ್ಡ ಪಂದ್ಯ ನಡೆಯಿತು. ಗೆದ್ದರೆ ಕಪ್. ಕೊನೆಯ ಗಳಿಗೆ, ಒಂದು ಅಂಕದ ಹಿನ್ನಡೆ, ಚೆಂಡು ಅವಳ ಕೈಯಲ್ಲಿತ್ತು. “ಬಾರೇ, ಇಲ್ಲಿ ದಾರಿ ಖಾಲಿ ಇದೆ!” ಎಂದು ನಾಯಕಿ ಕೂಗಿದಳು. ದಾರಿ ನಿಜವಾಗಿಯೂ ಖಾಲಿಯಿತ್ತು. ನನ್ನನ್ನೇ ಯಾಕೆ ಅಲ್ಲಿಗೆ ಕರೆಯುತ್ತಿದ್ದಾಳೆ ಎಂದು ಅವಳು ಕಣ್ಣು ಕೆಳಗೆ ಮಾಡಿ ನೆಲ ನೋಡಿದಳು. ಅಷ್ಟರಲ್ಲಿ ಎದುರಾಳಿ ಚೆಂಡು ಕಸಿದುಕೊಂಡು ಹೋಗಿದ್ದಳು.

ಅದಕ್ಕೂ ಅವಳನ್ನು ಯಾರೂ ಕಳಿಸಲಿಲ್ಲ. ಇನ್ನೂ ನಾಲ್ಕು ವರ್ಷ ಆಡಿ, ತಾನಾಗಿಯೇ ಬಿಟ್ಟಳು.

ಈಗ ಅವಳಿಗೆ ಸ್ವಂತ ಮನೆ ಇದೆ. ಗೋಡೆಯ ಮೇಲೆ ಎಂಟು ವರ್ಷದ ತಂಡದ ಫೋಟೋಗಳಿವೆ, ಎಂಟರಲ್ಲೂ ಅವಳಿದ್ದಾಳೆ. ಅವಳು ಯಾರ ಹಂಗಿನಲ್ಲೂ ಇಲ್ಲ. ಇದಕ್ಕೆಲ್ಲ ಅವಳು ತೆತ್ತದ್ದು ಒಂದೇ: ಇನ್ನೊಬ್ಬರ ಮಾತು ನಂಬಿ ಒಂದು ಹೆಜ್ಜೆ ಇಡುವುದು ಅವಳಿಗೆ ಮತ್ತೆ ಆಗಲಿಲ್ಲ.

ಕತೆ ಅಲ್ಲಿಗೆ ನಿಂತಿತು.

“ಆದರೂ ಮೇಡಂ, ಜಾಗ ಉಳೀತಲ್ಲ?” ಎಂದಳು ಗಾನವಿ.

“ಉಳೀತು.”

ಗಾನವಿ ಇಷ್ಟು ಹೊತ್ತೂ ಒಂದು ವಿಷಯವನ್ನು ಎತ್ತಿರಲಿಲ್ಲ. ಅದನ್ನು ದೇವೀರಮ್ಮ ಎತ್ತಿದರು. ಅವರು ಕೇಳಿದ್ದು ಇಷ್ಟೇ:

“ನಾಳೆ ನಿನ್ನ ಜಾಗದ ಟ್ರಯಲ್ಸಿಗೆ ಬರ್ತಾಳಲ್ಲ ಒಬ್ಬ ಹುಡುಗಿ, ಅವಳಿಗೆ ಏನನ್ನ ಹೇಳಬಾರದು ಅಂತ ಇಟ್ಕೊಂಡಿದ್ದೀಯ ಮಗಾ?”