ಗಾಳಿ ಪಕ್ಕೆ ಹಿಡಿದದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಆಗತಾನೇ ಬಂದು ಕೂತಿದ್ದವು. ಹೊಳೆಗಳು ಹುಟ್ಟಿರಲಿಲ್ಲ. ಜನ ಎಷ್ಟು ಓಡಿದರೂ ಆಗ ಪಕ್ಕೆ ನೋಯುತ್ತಿರಲಿಲ್ಲ.

ಬೆಟ್ಟದ ಬುಡದಲ್ಲಿ ಒಂದು ತಗ್ಗು. ತಗ್ಗಿನ ತುಂಬ ಬಿಳಿ ಮರಳು. ಮಲಗಲು ಮೆತ್ತಗಿದೆ ಎಂದು ಕೆಂಚಿ ಎಂಬ ಹುಡುಗಿಯ ಜನ ಅಲ್ಲೇ ಗುಡಿಸಲು ಹಾಕಿದ್ದರು. ಹೊಳೆಯನ್ನು ಕಂಡವರೇ ಇಲ್ಲ, ಹೆದರುವುದು ಯಾಕೆ?

ಕೆಂಚಿಗೆ ಓಡುವುದೇ ಕೆಲಸ. ಕೆಳಗಿನ ಸುದ್ದಿಯನ್ನು ಬೆಟ್ಟದ ಮೇಲಿನ ಅಜ್ಜಿಗೆ ಒಯ್ಯುತ್ತಿದ್ದಳು. ಅಜ್ಜಿಯ ಸುದ್ದಿಯನ್ನು ಕೆಳಗೆ ತರುತ್ತಿದ್ದಳು.

ಆ ಜನರಲ್ಲಿ ಒಂದು ಕಟ್ಟಳೆ. ಹೊಸಿಲು ದಾಟುವವರು ಹೊಟ್ಟೆ ತುಂಬ ಉಂಡೇ ದಾಟಬೇಕು. ಹಸಿದವರನ್ನು ಕಳಿಸಿದ ಮನೆಗೆ ಮರ್ಯಾದೆಯಿಲ್ಲ.

ಒಂದು ಮಧ್ಯಾಹ್ನ, ಸುದ್ದಿ ತಂದ ಕೆಂಚಿಗೆಂದು ಅಜ್ಜಿ ಮುದ್ದೆ ಕಟ್ಟುತ್ತಿದ್ದಳು. ಮನೆಯ ಹಿಂದಿನ ಬಂಡೆ ಬಿರಿಯಿತು. ಒಳಗಿಂದ ನೀರು ಇಣುಕಿತು.

"ಯಾರು ನೀನು?" ಕೆಂಚಿ ಕೇಳಿದಳು.

"ಹೊಳೆ. ಈಗ ಹುಟ್ಟಿದೆ."

"ಎಲ್ಲಿಗೆ ಹೊರಟೆ?"

"ಇಳಿಜಾರು ಎತ್ತ ಇದೆಯೋ ಅತ್ತ. ನಿಲ್ಲೋದು ನನಗೆ ಗೊತ್ತಿಲ್ಲ, ಅಕ್ಕ."

ಇಳಿಜಾರಿನ ತುದಿಯಲ್ಲಿ ಆ ಬಿಳಿ ಮರಳು. ಅಲ್ಲಿ ಅವ್ವ, ಜೋಳಿಗೆಯಲ್ಲಿ ಎಳೆಯ ತಮ್ಮ, ಊರಿಗೆ ಊರೇ. ಕೆಂಚಿ ಹೊಸಿಲ ಕಡೆ ಹಾರಿದಳು. ಅಜ್ಜಿ ರಟ್ಟೆ ಹಿಡಿದಳು.

"ಉಂಡು ಹೋಗು."

"ಅಜ್ಜಿ, ನೀರು ಬರ್ತಿದೆ."

"ಬರಲಿ. ಅದಿನ್ನೂ ಕೂಸು, ತೆವಳ್ತಿದೆ. ನನ್ನ ಮನೆಯಿಂದ ಹಸಿದು ಹೋದವರಿಲ್ಲ."

ವಾದಕ್ಕೆ ನಿಂತರೆ ಇನ್ನೂ ಹೊತ್ತು. ಕೆಂಚಿ ಎರಡು ಮುದ್ದೆ ನುಂಗಿದಳು, ಹುರುಳಿ ಸಾರು ಕುಡಿದಳು, ಹೊರಟಳು.

ಅಷ್ಟರಲ್ಲಿ ಹೊಳೆ ತೆವಳುವುದು ಬಿಟ್ಟು ನಡೆಯತೊಡಗಿತ್ತು. ಅರ್ಧ ದಾರಿಗೆ ಓಡತೊಡಗಿತು. ಕೆಂಚಿಗೆ ಉಸಿರು ಸಾಲದಾಯಿತು. ಆಗಿನ ಜನರ ಉಸಿರು ಸಣ್ಣದು, ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ.

"ಗಾಳಿಯಣ್ಣ, ಒಳಗೆ ಬಾ," ಎಂದಳು. "ಆಳದವರೆಗೂ ಬಾ."

"ಜಾಗ ಇದೆಯಾ?"

"ಮಾಡ್ಕೋ."

ಗಾಳಿ ನುಗ್ಗಿತು. ಒಳಗೆ ಮುದ್ದೆ ಕೂತಿತ್ತು.

"ಸ್ವಲ್ಪ ಸರಿ," ಎಂದಿತು ಗಾಳಿ.

"ನಾನು ಮೊದಲು ಬಂದವನು," ಎಂದಿತು ಮುದ್ದೆ. "ಅಜ್ಜಿಯೇ ಕೂರಿಸಿದ್ದಾಳೆ. ನೀನು ಯಾವ ಊರ ನೆಂಟ?"

ಕೆಂಚಿ ನೆಗೆದಾಗಲೆಲ್ಲ ಗಾಳಿ ಜಾರುತ್ತಿತ್ತು. ಕೊನೆಗೆ ಕೈಗೆ ಸಿಕ್ಕ ಪಕ್ಕೆಲುಬಿಗೆ ಜೋತುಬಿದ್ದಿತು. ಕೆಂಚಿಗೆ ಭರ್ಜಿಯಲ್ಲಿ ಇರಿದಂತಾಯಿತು.

"ಬಿಡೋ ಅಣ್ಣ."

"ಬಿಟ್ಟರೆ ಹೊರಗೆ ಬೀಳ್ತೀನಿ. ನಿಂತುಬಿಡು, ನೋವು ಹೋಗುತ್ತೆ."

"ನಿಲ್ಲೋದು ನನಗೂ ಗೊತ್ತಿಲ್ಲ."

ಕೆಂಚಿ ಪಕ್ಕೆಗೆ ಕೈಯೊತ್ತಿದಳು. ತುಸು ಬಾಗಿದಳು. ಉದ್ದಕ್ಕೆ ಉಸಿರು ಬಿಟ್ಟಳು. ಓಟ ನಿಧಾನವಾಯಿತು, ನಿಲ್ಲಲಿಲ್ಲ. ಮುದ್ದೆ ಗೊಣಗಿಕೊಂಡು ಒಂದಿಷ್ಟು ಸರಿಯಿತು. ಗಾಳಿಗೆ ಕೂರಲು ಜಾಗ ಸಿಕ್ಕಿತು. ಹಿಡಿತ ಸಡಿಲಾಯಿತು. ಕೆಂಚಿ ಮತ್ತೆ ಬಿರುಸಾಗಿ ಓಡಿದಳು.

"ದಿಬ್ಬ ಹತ್ತಿ," ಎಂದು ಊರಿಗೆ ಕೂಗಿದಳು. "ಹೊಳೆ ಬರ್ತಿದೆ."

"ಹೊಳೆ ಅಂದ್ರೇನೇ?"

"ಹತ್ತಿದ ಮೇಲೆ ನೋಡಿ."

ಅವ್ವ ಜೋಳಿಗೆ ಹೆಗಲಿಗೇರಿಸಿದಳು. ಎಲ್ಲರೂ ಹತ್ತಿದರು. ಹೊಳೆ ಬಂತು. ಗುಡಿಸಲುಗಳು ಹೋದವು. ಒಂದು ಕೂಸೂ ಹೋಗಲಿಲ್ಲ.

ಗಾಳಿ ಹೊರಬಂದು ಕೆಂಚಿಯ ಎದುರು ನಿಂತಿತು.

"ಜಿಂಕೆಯ ಜೊತೆ ಓಡಿದ್ದೇನೆ. ಚಿರತೆಯ ಜೊತೆ ಓಡಿದ್ದೇನೆ. ಇಷ್ಟು ನೋಯಿಸಿದರೂ ನಿಲ್ಲದವಳು ನೀನೊಬ್ಬಳೇ. ಇನ್ನು ನಿನ್ನ ಕುಲದವರು ಉಂಡು ಓಡಿದಾಗಲೆಲ್ಲ ಅದೇ ಪಕ್ಕೆಲುಬು ಹಿಡಿಯುತ್ತೇನೆ. ನಿನ್ನ ಮಕ್ಕಳು ಹೌದೋ ಅಲ್ಲವೋ ನೋಡುತ್ತೇನೆ."

"ನೋಡು," ಎಂದಳು ಕೆಂಚಿ.

ಅದಕ್ಕೇ ಇಂದಿಗೂ ಉಂಡು ಓಡಿದ ಮಗುವಿನ ಪಕ್ಕೆಯನ್ನು ಗಾಳಿ ಹಿಡಿಯುತ್ತದೆ. ಮಗು ಅಲ್ಲಿ ಕೈಯೊತ್ತಿ, ತುಸು ಬಾಗಿ, ಉದ್ದಕ್ಕೆ ಉಸಿರು ಬಿಟ್ಟು, ಮತ್ತೆ ಓಡುತ್ತದೆ.