ನೀರು ಕಂಡವನ ಆಕಳು

ಹೊಳೆ ಬತ್ತಿದ ವರ್ಷ ಅಡವಯ್ಯನವರ ಆಶ್ರಮದಲ್ಲಿ ಬಾವಿ ತೋಡುವ ಕೆಲಸ ನಡೆದಿತ್ತು.

ತೋಡುತ್ತಿದ್ದವರು ಹುಲುಗಪ್ಪ, ಅವನ ಹೆಂಡತಿಯ ಅಣ್ಣ ದುರುಗಪ್ಪ, ಮತ್ತೆ ಅವರ ಮಂದಿ. ಒಬ್ಬ ಕೆಳಗೆ ಅಗೆದರೆ ಉಳಿದವರು ಮೇಲೆ ನಿಂತು ಹಗ್ಗದಿಂದ ಮಣ್ಣು ಸೇದುವರು. ಕೆಳಗಿನವನ ತೋಳು ಸೋತರೆ ಅವನನ್ನು ಎತ್ತಿ ಇನ್ನೊಬ್ಬ ಇಳಿಯುವನು. ಸರದಿ ಯಾರದೆಂದು ಯಾರೂ ಕೇಳುತ್ತಿರಲಿಲ್ಲ.

ಕೂಲಿ ದಿನದಿನಕ್ಕೆ ಸಲ್ಲುತ್ತಿತ್ತು. ಅದರ ಮೇಲೆ ಇನಾಮೆಂದು ಭಕ್ತರೊಬ್ಬರು ಕರುವಿನ ಸಮೇತ ಒಂದು ಆಕಳು ತಂದು ಕಟ್ಟಿದರು.

"ಒಂದು ಆಕಳನ್ನು ಇಷ್ಟು ಜನಕ್ಕೆ ಹೇಗೆ ಹಂಚುವುದು?" ಎಂದು ಶಿಷ್ಯ ಚನ್ನಮಲ್ಲ ಕೇಳಿದ.

"ನ್ಯಾಯವಾದ ಕಟ್ಟಳೆಯೊಂದನ್ನು ನೀನೇ ಮಾಡು" ಎಂದರು ಗುರುಗಳು.

ಚನ್ನಮಲ್ಲ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಬಾವಿಯ ದಂಡೆಯಲ್ಲಿ ಕುಳಿತು ಒಬ್ಬೊಬ್ಬರ ಕೆಲಸ ನೋಡಿದ. ಆಕಳು ಮಾರಿ ಎಲ್ಲರಿಗೂ ಸಮ ಹಂಚಿದರೆ ಮೈಗಳ್ಳನಿಗೂ ಬೆನ್ನು ಮುರಿದು ದುಡಿದವನಿಗೂ ಒಂದೇ ಆಗುತ್ತದೆ. ಬುಟ್ಟಿ ಎಣಿಸಿದರೆ ಅರ್ಧ ತುಂಬಿದ ಬುಟ್ಟಿಗಳು ಮೇಲೆ ಬರುತ್ತವೆ.

ಕಡೆಗೆ ಬಂದು ಹೇಳಿದ: "ಯಾರ ಗುದ್ದಲಿಗೆ ಮೊದಲು ನೀರು ಸಿಗುವುದೋ ಅವನಿಗೆ ಆಕಳು. ನನ್ನ ಪಕ್ಷಪಾತ ಇದರಲ್ಲಿಲ್ಲ. ಭೂಮಿಯೇ ತೀರ್ಪು ಕೊಡುತ್ತದೆ."

"ಅವರನ್ನು ಕೇಳಿದೆಯಾ?"

"ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಗುರುಗಳೇ."

"ಆಗಲಿ" ಎಂದರು ಅಡವಯ್ಯನವರು.

ಕಟ್ಟಳೆಯನ್ನು ಎಲ್ಲರಿಗೂ ಸಾರಿದರೂ, ಮಣ್ಣು ಒಣಗಿದ್ದಷ್ಟು ದಿನ ಏನೂ ಬದಲಾಗಲಿಲ್ಲ.

ತೇವ ಕಂಡ ದಿನ ಹುಲುಗಪ್ಪ ಕೆಳಗಿದ್ದ. ಊಟದ ಹೊತ್ತಾದರೂ ಮೇಲೆ ಬರಲಿಲ್ಲ. ತೋಳು ಸೋತು ಗುದ್ದಲಿ ಅಡ್ಡಾದಿಡ್ಡಿ ಬೀಳುತ್ತಿತ್ತು.

ಹಗ್ಗ ಹಿಡಿದಿದ್ದ ದುರುಗಪ್ಪ ಬಗ್ಗಿ ನೋಡಿದ. "ಹುಲುಗಾ, ಗ್ವಾಡಿ ಬೆವರಾಕತ್ತೈತಿ. ಕುಸೀತೈತಿ, ಮ್ಯಾಲ ಬಾ!"

"ಗೊತ್ತೈತಿ ಬಿಡೋ ದುರುಗಾ! ನಾ ಮ್ಯಾಲ ಬಂದ್ರ ನೀ ಇಳೀತಿ. ಆಕಳ ಹೊಡಕೊಂಡು ಹೋಗ್ತಿ."

"ಅವ್ವನಾಣಿ, ಬಾರೋ!"

ಕೆಳಗಿನಿಂದ ನಗು ಕೇಳಿಸಿತು. ಆಮೇಲೆ ಮಣ್ಣು ಬಿದ್ದ ಸದ್ದು.

ಅವನನ್ನು ಹೊರತೆಗೆಯುವಾಗ ಸಂಜೆಯಾಗಿತ್ತು. ಮೈಯೆಲ್ಲ ತೊಯ್ದಿತ್ತು. ಮೊದಲು ನೀರು ಕಂಡವನು ಅವನೇ.

ಅವನಿಗೆ ಮಣ್ಣು ಕೊಟ್ಟು ಬಂದ ಮೇಲೆ, ಕಟ್ಟಳೆಯಂತೆ, ಚನ್ನಮಲ್ಲ ಆಕಳನ್ನು ಹುಲುಗಪ್ಪನ ಮನೆಗೆ ಹೊಡೆದುಕೊಂಡು ಹೋದ. ಹೆಂಡತಿ ಹನುಮವ್ವ ಬಾಗಿಲಲ್ಲಿ ಕುಳಿತಿದ್ದಳು. ಆಕಳ ಕಡೆ ಅವಳು ನೋಡಲೇ ಇಲ್ಲ.

"ಕೂಗಿದಾಂವ ನಮ್ಮಣ್ಣ," ಎಂದಳು. "ಸಣ್ಣಂದಿನಿಂದ ಇಬ್ಬರೂ ಒಂದ ಗಂಗಾಳದಾಗ ಉಂಡಾರ. ಅಂವನ ಮಾತು ಯಾಕ ನಂಬಲಿಲ್ಲ? ನೀವು ಓದಿದವ್ರು, ನೀವರ ಹೇಳ್ರಿ."

ಚನ್ನಮಲ್ಲ ಆಕಳನ್ನು ಅಲ್ಲೇ ಕಟ್ಟುವುದೋ ಮರಳಿ ಒಯ್ಯುವುದೋ ತಿಳಿಯದೆ ಕಣ್ಣಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ.

ಬಾವಿಯಲ್ಲಿ ಕುಸಿದ ಮಣ್ಣು ಹಾಗೇ ಉಳಿಯಿತು. ಇಳಿಯಲು ಯಾರೂ ಒಪ್ಪಲಿಲ್ಲ. "ಮ್ಯಾಲ ನಿಂತಾಂವ ಖರೇ ಹೇಳ್ತಾನ ಅಂತ ಯಾವ ಧೈರ್ಯದ ಮ್ಯಾಲ ಇಳೀಬೇಕ್ರಿ?" ಎಂದು ಒಬ್ಬ ಕೇಳಿದ. ದುರುಗಪ್ಪ ಮಾತ್ರ ದಿನಾ ಬಂದು ದಂಡೆಯ ಮೇಲೆ ಕೂತಿರುತ್ತಿದ್ದ.

ಚನ್ನಮಲ್ಲ ಗುರುಗಳ ಮುಂದೆ ಕುಸಿದು ಕುಳಿತ. "ನಿಮಗೆ ಗೊತ್ತಿತ್ತು. ನನ್ನನ್ನು ಯಾಕೆ ತಡೆಯಲಿಲ್ಲ?"

"ಗೊತ್ತಿರಲಿಲ್ಲ," ಎಂದರು ಅಡವಯ್ಯನವರು. "ನನಗೂ ಅದು ನ್ಯಾಯವೆಂದೇ ಕಂಡಿತ್ತು."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಚನ್ನಮಲ್ಲನಿಗೆ ಅನಿಸಿತು. ಗುರುಗಳ ಕಣ್ಣು ಕೆಂಪಾಗಿದ್ದುದು ಆಗಷ್ಟೇ ಅವನಿಗೆ ಕಂಡಿತು.

"ಹಾಗಾದರೆ ತಪ್ಪಿದ್ದು ಎಲ್ಲಿ? ಸಮ ಹಂಚಬೇಕಿತ್ತೇ? ಬುಟ್ಟಿ ಎಣಿಸಬೇಕಿತ್ತೇ? ಹೇಳಿ ಗುರುಗಳೇ, ಕಟ್ಟಳೆ ತಿದ್ದುತ್ತೇನೆ."

 

"ನಾಳೆ ಬಾವಿಗೆ ನೀನು ಇಳಿ," ಎಂದರು ಗುರುಗಳು. "ಹಗ್ಗ ದುರುಗಪ್ಪನ ಕೈಯಲ್ಲಿರಲಿ. ಮೇಲಿಂದ ಅವನು ಕೂಗಿದಾಗ ನಿನ್ನ ಕಿವಿಗೆ ಏನು ಕೇಳಿಸಿತೆಂದು ಬಂದು ನನಗೆ ಹೇಳು."