ಮಡುವಿನ ಮುದುಕಿ

ಹೊಳೆದಂಡೆಯ ಆಶ್ರಮಕ್ಕೆ ಸೇರಿದ ಒಂದು ಮಡುವಿತ್ತು. ಅಲ್ಲಿ ಬಲೆ ಬೀಸುವವರು ಆಶ್ರಮದ ಮಾತು ಕೇಳಬೇಕು. ಹಿಂದಿನಿಂದ ಬಂದ ಪದ್ಧತಿ.

ಗುರು ನಿರಂಜನಯ್ಯ ಮೂರು ವರ್ಷ ಯಾತ್ರೆಗೆ ಹೋದಾಗ ಆ ಮಾತು ಆಡುವ ಕೆಲಸ ಶಿಷ್ಯ ಕಲ್ಮೇಶಿಯ ಪಾಲಿಗೆ ಬಂತು. ಅವನದು ಮೆತ್ತಗಿನ ಮನಸ್ಸು. "ಮರಿಗಳನ್ನು ಮುಟ್ಟಬೇಡಿ, ದೊಡ್ಡವನ್ನು ಮಾತ್ರ ಹಿಡಿಯಿರಿ" ಎಂದು ಕಟ್ಟಪ್ಪಣೆ ಮಾಡಿದ.

ಗುರುಗಳು ಮರಳಿದ ದಿನವೇ ಅಂಬಿಗರ ಹುಲಿಗೆವ್ವ ಬಂದಳು.

"ಯಪ್ಪಾ, ಮಡು ಬರಿದಾತು. ದೊಡ್ಡವೂ ಇಲ್ಲ, ಮರಿಗಳೂ ಕಾಣವಲ್ಲವು. ನಾಳೆ ಹರಿಗೋಲು ಹೊತ್ಕೊಂಡು ಊರು ಬಿಡ್ತೀವಿ. ಈ ವಾರ ಸಿಕ್ಕಿದ್ದು ಎರಡೇ ಮುದಿಮೀನು. ಒಂದು ಸತ್ತೈತಿ, ಒಂದು ಬಲೆಯಾಗ ಜೀವ ಹಿಡ್ಕೊಂಡೈತಿ."

ಕಲ್ಮೇಶಿಯ ಮುಖ ಬಿಸಿಯಾಯಿತು. "ಮರಿಗಳಿಗೆ ಇನ್ನೂ ಬಾಳು ಬಾಕಿ ಇರುತ್ತೆ, ಗುರುಗಳೇ. ಮುದಿಮೀನು ಬಾಳಿ ಮುಗಿಸಿದ್ದು. ಅದಕ್ಕೇ ಹಾಗೆ ಹೇಳಿದೆ."

"ಅಡುಗೆಮನೆಯ ಸೇರು ತಗೊಂಡು ಬಾ," ಎಂದರು ಗುರುಗಳು.

"ಮೀನಿಗೆ ನಮ್ಮ ಸೇರೇ?"

"ತೊಳೆದರಾಯಿತು."

ಮಡುವಿನ ದಂಡೆಯಲ್ಲಿ ಹುಲಿಗೆವ್ವ ಸತ್ತ ಮೀನಿನ ಹೊಟ್ಟೆ ಸೀಳಿದಳು. ನವಣೆಕಾಳಿನಂಥ ತತ್ತಿ ಜಾರಿ ಬಂತು. ಸೇರು ತುಂಬಿತು. ಎಲೆಯ ಮೇಲೆ ಸುರಿದರು. ಮತ್ತೆ ತುಂಬಿತು. ಆಮೇಲೂ ಉಳಿದಿತ್ತು.

"ಮೊಳದುದ್ದದ ಮೀನಿಗೆ ಎಷ್ಟಿರುತ್ತೆ, ತಾಯಿ?" ಗುರುಗಳು ಕೇಳಿದರು.

"ಒಂದು ಬೊಗಸೆ ಆದ್ರ ಹೆಚ್ಚು. ಗೇಣುದ್ದದ್ದಕ್ಕ ಏನೂ ಇರಂಗಿಲ್ಲ. ಅದು ತತ್ತಿ ಹೊರಾಕ ಇನ್ನೂ ನಾಲ್ಕು ಮಳೆಗಾಲ ಬೇಕು."

ಕಲ್ಮೇಶಿ ಒಂದೇ ಒಂದು ತತ್ತಿಯನ್ನು ಬೆರಳ ತುದಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದ.

"ಮೂರು ವರ್ಷದಲ್ಲಿ ಇಂಥ ಮೀನು ಎಷ್ಟು ಹೋದವು?" ಎಂದು ಕೇಳಿದ.

"ಹಿಡೀರಿ ಅಂದಿದ್ರಿ," ಎಂದಳು ಹುಲಿಗೆವ್ವ. "ಎಣಿಸ್ರಿ ಅಂದಿರಲಿಲ್ಲ."

ಅವನು ನೀರಿಗಿಳಿದ. ಬಲೆ ಬಿಚ್ಚಿ ಬದುಕಿದ್ದ ಮೀನನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡ. ಎಳೆಗರುವಿನಷ್ಟು ಭಾರ. ಅದರ ಹೊಟ್ಟೆಯೂ ಉಬ್ಬಿತ್ತು. ನೀರಲ್ಲಿ ಬಿಟ್ಟರೆ ಸ್ವಲ್ಪ ಹೊತ್ತು ಅವನ ತೋಳಿಗೇ ಒರಗಿ ನಿಂತಿತು. ಆಮೇಲೆ ಒಮ್ಮೆ ಬಾಲ ಬೀಸಿ ಕಪ್ಪುನೀರಿನಲ್ಲಿ ಕಾಣದಾಯಿತು.

"ಇನ್ನು ದೊಡ್ಡವನ್ನು ಮುಟ್ಟಬೇಡಿ, ಅವ್ವಾ," ಎಂದ. "ಮಡುವಿನಲ್ಲಿ ಮತ್ತೆ ಮೀನು ತುಂಬೋವರೆಗೂ ನನ್ನ ಒಂದು ಹೊತ್ತಿನ ಊಟ ನಿಮ್ಮ ಮನೆಗೆ ಕಳಿಸ್ತೀನಿ."

"ಒಂದು ಹೊತ್ತಿನ ಊಟಕ್ಕ ನಾವು ಐದು ಮಂದಿ ಅದೀವಿ."

"ಉಳಿದದ್ದು ಆಶ್ರಮದ ಕಣಜದಿಂದ," ಎಂದರು ಗುರುಗಳು.

ಅವಳು ಸ್ವಲ್ಪ ಯೋಚಿಸಿ, ಹೊತ್ತೊಯ್ಯಬೇಕಿದ್ದ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿದಳು.

ಕಲ್ಮೇಶಿ ನಡುಮಟ್ಟದ ನೀರಲ್ಲೇ ನಿಂತು ಮಡುವಿಗೆ ಕೈಮುಗಿದ.

"ಅದು ಬರೀ ನೀರಪ್ಪಾ," ಎಂದರು ಗುರುಗಳು. "ಮಡು ಈಗ ತಾನೇ ನಿನ್ನ ತೋಳಿನಿಂದ ಈಜಿಹೋಯಿತು."